ಇಳಿಜಾರಿನ ಹಿತ್ತಲು, ಓಡುವ ನೀರು
(ಸಂಘದ ಬೆಳ್ಳಿಹಬ್ಬದ ರೈತಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



‘ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ’ ಎಂಬ ಗಾದೆಯನ್ನು ಹೇಳದೆ ಸಹಕಾರ ಸಂಘದ ಯಾವ ಸಭೆಯೂ ಮುಗಿಯುವುದಿಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಳ್ಳಿಯವರ ಪತ್ತಿನ ಸಂಘ ಕಟ್ಟಿದ್ದೂ ಇದೇ ನಂಬಿಕೆಯ ಮೇಲೆ. ಹಣದ ವಿಷಯಕ್ಕೆ ಈ ಮಾತು ನೂರಕ್ಕೆ ನೂರು ಸರಿ. ಆದರೆ ಇಳಿಜಾರಿನ ಹಿತ್ತಲಿಗೆ ಬಂದಾಗ ಇದೇ ಗಾದೆ ನಮಗೆ ಎಚ್ಚರಿಕೆಯ ಮಾತಾಗುತ್ತದೆ. ಅಲ್ಲಿ ಹನಿಗೂಡಿ ಹಳ್ಳವಾಯಿತು ಅಂದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಹನಿಯನ್ನು ಹನಿಯಾಗಿರುವಾಗಲೇ ಹಿಡಿಯಬೇಕು. ಅದು ಹೇಗೆ ಎನ್ನುವುದನ್ನು ನಾಲ್ಕು ಮಾತಿನಲ್ಲಿ ತಮ್ಮ ಮುಂದಿಡುತ್ತೇವೆ.

ನಮ್ಮದು ಬರದ ಸೀಮೆ, ಇಲ್ಲಿ ನೀರು ಹೆಚ್ಚಾಗುವ ಮಾತೆಲ್ಲಿ ಬಂತು ಎಂದು ಕೆಲವರು ಕೇಳಬಹುದು. ಕೇಳುವುದು ಸಹಜ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿನಲ್ಲಿವೆ. ವರ್ಷಕ್ಕೆ ಸುಮಾರು 450ರಿಂದ 500 ಮಿ.ಮೀ. ಸಿಕ್ಕರೆ ನಮಗೆ ಒಳ್ಳೆಯ ವರ್ಷ. ಆದರೆ ಈ ಮಳೆ ಬರುವ ರೀತಿಯನ್ನು ನೋಡಿ. ಮಲೆನಾಡಿನ ಹಾಗೆ ದಿನವಿಡೀ ಜಿನುಗುವ ಮಳೆ ಇದಲ್ಲ. ಆಷಾಢವೆಲ್ಲ ಬರೀ ಗಾಳಿ. ಆಮೇಲೆ ಉತ್ತರೆ, ಹಸ್ತೆ, ಚಿತ್ತೆ ಮಳೆಗಳು ಒಂದೊಂದು ಸಂಜೆ ಗುಡುಗಿ ಬಂದು, ಒಂದು ಗಂಟೆಯಲ್ಲಿ ಸುರಿದು ಹೋಗಿಬಿಡುತ್ತವೆ. ನೆಲ ಅಷ್ಟು ಬೇಗ ಕುಡಿಯುವುದಿಲ್ಲ. ನೀರು ಓಡುತ್ತದೆ. ಓಡುವಾಗ ಹಿತ್ತಲಿನ ಮೇಲ್ಮಣ್ಣು, ಹಾಕಿದ ಗೊಬ್ಬರ, ನೆಟ್ಟ ಸಸಿ ಎಲ್ಲವನ್ನೂ ಬಳಿದುಕೊಂಡು ಹೋಗುತ್ತದೆ. ಚಿತ್ತೆ ಮಳೆಯಲ್ಲಿ ಕೊಚ್ಚಿಹೋದ ಅದೇ ಹಿತ್ತಲಿಗೆ ಶಿವರಾತ್ರಿ ಹೊತ್ತಿಗೆ ನಮ್ಮ ಹೆಣ್ಣುಮಕ್ಕಳು ಕೊಡದಲ್ಲಿ ನೀರು ಹೊರುತ್ತಾರೆ. ನೀರು ಹೆಚ್ಚಾಯಿತು ಎನ್ನುವ ಕಷ್ಟ, ನೀರು ಸಾಲದು ಎನ್ನುವ ಕಷ್ಟ ಎರಡೂ ಒಂದೇ ಹಿತ್ತಲಿನವು. ಎರಡಕ್ಕೂ ಔಷಧಿ ಒಂದೇ.

1907ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ಮೇಲೆ. ವೇದಾವತಿಯಲ್ಲಿ ಅಷ್ಟು ನೀರನ್ನು ನಮ್ಮಲ್ಲಿ ಬಹುಪಾಲು ಜನ ಅದುವರೆಗೆ ಕಂಡೇ ಇರಲಿಲ್ಲ. ಆದ್ದರಿಂದ ಬರದ ಸೀಮೆ ಎಂದುಕೊಂಡು ಮಳೆಯನ್ನು ಮರೆತು ಮನೆ ಕಟ್ಟುವುದು, ಹಿತ್ತಲು ಮಾಡುವುದು ಸಲ್ಲದು.

ಹಿರಿಯರು ತೋರಿಸಿದ ದಾರಿ

ಈ ವಿದ್ಯೆಯನ್ನು ನಾವು ಹೊರಗಿನಿಂದ ತರಬೇಕಾಗಿಲ್ಲ. ಚಿತ್ರದುರ್ಗದ ಕೋಟೆಯನ್ನು ನೋಡದವರು ಇಲ್ಲಿ ಯಾರೂ ಇರಲಾರರು. ಬರೀ ಬಂಡೆಯ ಬೆಟ್ಟ ಅದು. ಬಂಡೆಯ ಮೇಲೆ ಬಿದ್ದ ನೀರು ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಗೆ ಹೋಗಬೇಕು. ಹಿಂದಿನವರು ಹಾಗೆ ಬಿಡಲಿಲ್ಲ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ. ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೆಳಗೆ ಊರೊಳಗಿನ ಸಂತೆಹೊಂಡಕ್ಕೆ. ಒಂದರ ಕೋಡಿ ಇನ್ನೊಂದರ ಒಡಲು. ಇದರಲ್ಲಿ ಮೂರು ಪಾಠ ಅಡಗಿವೆ. ಮೊದಲನೆಯದು, ನೀರನ್ನು ಮೇಲೆಯೇ ಹಿಡಿ. ಎರಡನೆಯದು, ಒಂದೇ ಕಡೆ ಹಿಡಿಯಬೇಡ, ಹಂತ ಹಂತವಾಗಿ ಹಿಡಿ. ಮೂರನೆಯದು, ಹೆಚ್ಚಾದದ್ದಕ್ಕೆ ದಾರಿ ಇಟ್ಟೇ ಹಿಡಿ. ಹಿತ್ತಲಿಗೂ ಈ ಮೂರೇ ಸೂತ್ರ ಸಾಕು.

ನಮ್ಮ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಜನ ಇಂದಿಗೂ ನೆನೆಯುವುದು ಸುತ್ತ ಕೆರೆ ಕಟ್ಟಿಸಿದ ಪುಣ್ಯಾತ್ಮರು ಎಂದು. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತು ನಮ್ಮ ಸೀಮೆಯ ಮನೆಮಾತು. ಸಲಿಕೆ ಹಿಡಿದಷ್ಟೇ ಫಲ ಎನ್ನುವುದಕ್ಕೆ ನೀರಿನ ಕೆಲಸಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಲೆಕ್ಕ ಹಾಕಿ ನೋಡೋಣ

ಸಂಘದವರಿಗೆ ಲೆಕ್ಕ ಇಲ್ಲದೆ ಮಾತು ರುಚಿಸುವುದಿಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇದೊಂದು ನೆನಪಿಟ್ಟರೆ ಸಾಕು. ಒಂದು ಗುಂಟೆ ಹಿತ್ತಲು ಅಂದರೆ 33 ಅಡಿ ಉದ್ದ, 33 ಅಡಿ ಅಗಲ, ಸುಮಾರು 100 ಚದರ ಮೀಟರ್. ಒಂದು ಅಂಗುಲ, ಅಂದರೆ 25 ಮಿ.ಮೀ. ಮಳೆ ಬಿದ್ದರೆ ಆ ಗುಂಟೆಯ ಮೇಲೆ ಸುಮಾರು 2,500 ಲೀಟರ್ ನೀರು ಸುರಿದ ಹಾಗಾಯಿತು. 200 ಲೀಟರಿನ ಹನ್ನೆರಡು ಡ್ರಮ್ಮಿಗೂ ಹೆಚ್ಚು. ಇದರ ಜೊತೆಗೆ 30 ಅಡಿ, 20 ಅಡಿಯ ಮಾಳಿಗೆಯಿಂದ ಮತ್ತೆ 1,400 ಲೀಟರ್ ಹಿತ್ತಲಿಗೇ ಬೀಳುತ್ತದೆ.

ಇನ್ನು ಮಣ್ಣಿನ ಲೆಕ್ಕ. ಒಂದು ಗುಂಟೆಯಿಂದ ಬರೀ ಒಂದು ಮಿಲಿಮೀಟರ್ ದಪ್ಪ ಮೇಲ್ಮಣ್ಣು ಹೋದರೆ ಅದು ಸುಮಾರು 140 ಕಿಲೊ. ಗೊಬ್ಬರದ ಚೀಲದ ಲೆಕ್ಕದಲ್ಲಿ ಮೂರು ಚೀಲ. ಸಂಘದ ಬಾಗಿಲಲ್ಲಿ ಸಾಲು ನಿಂತು ಒಂದು ಚೀಲ ಗೊಬ್ಬರ ಒಯ್ಯುವ ನಾವು, ಇಂಥ ಮೂರು ಚೀಲ ಹಳ್ಳಕ್ಕೆ ಹೋದರೆ ‘ಮಳೆ ಚೆನ್ನಾಗಿ ಬಂತು ಬಿಡಪ್ಪ’ ಎಂದು ಸುಮ್ಮನಿರುತ್ತೇವೆ!

ನೀರಿನ ಓಟ ಎರಡರಷ್ಟಾದರೆ ಅದು ಕೊಚ್ಚುವ ಬಲ ನಾಲ್ಕರಷ್ಟಾಗುತ್ತದೆ. ಓಟ ಹೆಚ್ಚುವುದು ಎರಡು ಕಾರಣಕ್ಕೆ. ಇಳಿಜಾರು ಕಡಿದಾದರೆ ಒಂದು, ತಡೆಯಿಲ್ಲದೆ ಬಹುದೂರ ಹರಿದರೆ ಇನ್ನೊಂದು. ಇಳಿಜಾರನ್ನು ನಾವು ಬದಲಿಸಲಾರೆವು. ಓಡುವ ದೂರವನ್ನು ತುಂಡು ಮಾಡಬಲ್ಲೆವು.

ಕೆಲಸ ಮಾಡುವ ಕ್ರಮ

ಮೊದಲು ನೋಡಬೇಕು. ಜೋರು ಮಳೆ ಬಂದಾಗ ತಲೆಗೆ ಒಂದು ಗೊಪ್ಪೆ ಹಾಕಿಕೊಂಡು ಹಿತ್ತಲಿಗೆ ಹೋಗಿ. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ಕೂಡಿಕೊಳ್ಳುತ್ತದೆ, ಎಲ್ಲಿ ಹೊರಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿ ನಾಲ್ಕು ಗೂಟ ಬಡಿದು ಬನ್ನಿ. ಬಿಸಿಲಲ್ಲಿ ನಿಂತು ಅಂದಾಜು ಮಾಡಿದ್ದಕ್ಕೂ ಮಳೆಯಲ್ಲಿ ಕಂಡದ್ದಕ್ಕೂ ಬಹಳ ವ್ಯತ್ಯಾಸ ಇರುತ್ತದೆ.

ಎರಡನೆಯದು ಮಟ್ಟ. ಇಳಿಜಾರಿಗೆ ಅಡ್ಡಲಾಗಿ ಕಾಲುವೆ ತೆಗೆಯಬೇಕು ಎಂದು ಎಲ್ಲರಿಗೂ ಗೊತ್ತು. ಆದರೆ ಕಣ್ಣಳತೆಯಲ್ಲಿ ತೆಗೆದ ಕಾಲುವೆ ಒಂದು ತುದಿಗೆ ವಾಲಿರುತ್ತದೆ. ನೀರೆಲ್ಲ ಆ ತುದಿಗೆ ನುಗ್ಗಿ ಅಲ್ಲೇ ಒಡೆಯುತ್ತದೆ. ಇದಕ್ಕೆ ಮನೆ ಕಟ್ಟುವ ಮೇಸ್ತ್ರಿಗಳ ಹತ್ತಿರ ಇರುವ ಲೆವೆಲ್ ಪೈಪು ಸಾಕು. ಒಳಗಿನ ನೀರು ಕಾಣುವಂಥ ಪೈಪಿಗೆ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿ, ಎರಡು ತುದಿಯನ್ನು ಒಂದೇ ಎತ್ತರದ ಎರಡು ಕೋಲಿಗೆ ಕಟ್ಟಬೇಕು. ಇಬ್ಬರು ಹಿಡಿದು ನಿಲ್ಲಬೇಕು. ಎರಡೂ ಕೋಲಿನಲ್ಲಿ ನೀರು ಒಂದೇ ಗುರುತಿಗೆ ನಿಂತರೆ ಆ ಎರಡು ಜಾಗ ಒಂದೇ ಮಟ್ಟ. ಅಲ್ಲಲ್ಲಿ ಗೂಟ ಬಡಿದು, ಗೂಟದಿಂದ ಗೂಟಕ್ಕೆ ಬೂದಿಯ ಗೆರೆ ಎಳೆಯಿರಿ. ಗೆರೆ ಹಾವಿನಂತೆ ಡೊಂಕಾಗಿ ಬರುತ್ತದೆ. ಬರಲಿ. ಚೆಂದಕ್ಕೆ ನೆಟ್ಟಗೆ ಮಾಡಲು ಹೋಗಬೇಡಿ.

ಈ ಪೈಪಿನ ವಿಷಯ ಸಣ್ಣದೆಂದು ತಿಳಿಯಬಾರದು. ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಯಟೆಂಗಾ ಎಂಬ ಸೀಮೆ ನಮ್ಮ ಹಾಗೆಯೇ ಒಣ ಸೀಮೆ. 1980ರ ದಶಕದಲ್ಲಿ ಅಲ್ಲಿನ ರೈತರು ಇಂಥದೇ ನೀರಿನ ಪೈಪಿನಿಂದ ಮಟ್ಟ ನೋಡಿ, ಹೊಲದಲ್ಲಿ ಅಡ್ಡಡ್ಡ ಕಲ್ಲಿನ ಸಾಲು ಇಟ್ಟು, ಬರಡಾಗಿ ಗಟ್ಟಿಯಾಗಿದ್ದ ನೆಲದಲ್ಲಿ ಮತ್ತೆ ಜೋಳ, ಸಜ್ಜೆ ಬೆಳೆದರು. ಅದೇ ಸೀಮೆಯ ಯಾಕೂಬಾ ಸವಡೋಗೊ ಎಂಬ ರೈತ ಸಣ್ಣ ಸಣ್ಣ ಗುಂಡಿ ತೆಗೆದು ಗೊಬ್ಬರ ಹಾಕಿ, ಮಳೆನೀರು ಅಲ್ಲೇ ನಿಲ್ಲುವಂತೆ ಮಾಡಿ ಕಾಡನ್ನೇ ಬೆಳೆಸಿದರು. 2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಎಂಬ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಕಲ್ಲಿಗೆ ಮೊಳಕಾಲ್ಮೂರಿನವರು ಯಾರ ಮನೆಗೂ ಹೋಗಬೇಕಿಲ್ಲ. ಹಿತ್ತಲಿನಿಂದ ಆರಿಸಿ ಬೇಲಿಗೆ ಎಸೆಯುವ ಕಲ್ಲನ್ನೇ ಗೆರೆಯ ಮೇಲೆ ಜೋಡಿಸಿದರೆ ಆಯಿತು.

ಮೂರನೆಯದು ಕಾಲುವೆ. ಬೂದಿ ಗೆರೆಯ ಮೇಲೆ ಒಂದು ಅಡಿ ಅಗಲ, ಒಂದು ಅಡಿ ಆಳ ತೆಗೆದು, ಮಣ್ಣನ್ನು ಕೆಳಮಗ್ಗುಲಿಗೆ ಬದುವಾಗಿ ಹಾಕಿ ತುಳಿಯಿರಿ. ಹತ್ತು ಹನ್ನೆರಡು ಅಡಿಗೆ ಒಂದರಂತೆ ಒಂದು ಗುಂಟೆಗೆ ಮೂರು ಕಾಲುವೆ ಬರುತ್ತವೆ. 30 ಅಡಿ ಉದ್ದದ ಒಂದು ಕಾಲುವೆಯಲ್ಲಿ ಸುಮಾರು 850 ಲೀಟರ್ ನಿಲ್ಲುತ್ತದೆ. ಮೂರರಲ್ಲಿ 2,550. ಒಂದು ಅಂಗುಲ ಮಳೆಗೆ ಗುಂಟೆಯ ಮೇಲೆ ಬೀಳುವುದು 2,500 ಎಂದು ಆಗಲೇ ಹೇಳಿದೆವು. ಲೆಕ್ಕ ಸರಿಹೋಯಿತಲ್ಲ! ಮನೆಯವರು ಸೇರಿದರೆ ಎರಡು ಮೂರು ದಿನದ ಗುದ್ದಲಿ ಕೆಲಸ. ಗಿಡಗಳನ್ನು ಬದುವಿನ ಕೆಳಗೆ ನೆಡಬೇಕು. ನುಗ್ಗೆ, ನಿಂಬೆ, ಕರಿಬೇವು, ಸೀತಾಫಲ ಇವಕ್ಕೆ ಕಾಲುವೆಯಲ್ಲಿ ಇಂಗಿದ ನೀರು ಬೇರಿಗೆ ಸಿಗುತ್ತದೆ. ಬದನೆ, ಮೆಣಸಿನಕಾಯಿ, ಸೊಪ್ಪಿನ ಪಾತಿಗಳೂ ಇಳಿಜಾರಿಗೆ ಅಡ್ಡಲಾಗಿಯೇ ಇರಲಿ. ಮೇಲಿನಿಂದ ಕೆಳಕ್ಕೆ ಉದ್ದುದ್ದ ಸಾಲು ಮಾಡಿದರೆ ಸಾಲಿಗೊಂದು ಹಳ್ಳ ಮಾಡಿಕೊಟ್ಟ ಹಾಗೆ.

ನಾಲ್ಕನೆಯದು ಬೇರು. ಬರೀ ಮಣ್ಣಿನ ಬದು ಎರಡು ಮಳೆಗೆ ಕರಗುತ್ತದೆ. ಅದರ ಮೇಲೆ ಲಾವಂಚ, ಮಜ್ಜಿಗೆ ಹುಲ್ಲು, ಗರಿಕೆ ಏನಾದರೂ ಒತ್ತಾಗಿ ನೆಡಿ. ಗುಂಡ್ಲುಪೇಟೆ ಸೀಮೆಯ ರೈತರು ಹೊಲದ ಎಲ್ಲೆಗೆ ಲಾವಂಚ ನೆಡುವುದು ತಲೆತಲಾಂತರದ ರೂಢಿ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಅದನ್ನು ಕಂಡು ಬೇರೆ ಬೇರೆ ದೇಶಗಳಿಗೆ ಸಾರಿದರು. ಬೇರು ಆಳಕ್ಕೆ ಇಳಿದು ಮಣ್ಣನ್ನು ಹಿಡಿಯುತ್ತದೆ, ಒತ್ತಾದ ಬುಡ ನೀರನ್ನು ಸೋಸಿ ಬಿಡುತ್ತದೆ. ನಮ್ಮ ಕಡೆಯ ಕತ್ತಾಳೆಯೂ ಹಿತ್ತಲಿನ ಅಂಚಿಗೆ ಒಳ್ಳೆಯದೇ. ಆದರೆ ಮಕ್ಕಳು ಓಡಾಡುವ ಕಡೆ ಬೇಡ, ಮುಳ್ಳು ಕೆಟ್ಟದ್ದು.

ಐದನೆಯದು ಕೋಡಿ. ಇದನ್ನು ಮರೆಯುವವರೇ ಹೆಚ್ಚು. ಎಷ್ಟೇ ಕಾಲುವೆ ತೆಗೆದರೂ ಅದನ್ನು ಮೀರಿ ಬರುವ ಮಳೆ ಒಂದು ದಿನ ಬಂದೇ ಬರುತ್ತದೆ. ಕೆರೆ ಕಟ್ಟಿದವರು ಏರಿಗಿಂತ ಕೋಡಿಯ ಬಗ್ಗೆ ಹೆಚ್ಚು ಯೋಚಿಸುತ್ತಿದ್ದರು, ಏಕೆಂದರೆ ಕೋಡಿ ಇಲ್ಲದ ಕೆರೆ ಏರಿಯನ್ನೇ ಒಡೆದುಕೊಂಡು ಹೋಗುತ್ತದೆ. ಪ್ರತಿ ಬದುವಿನಲ್ಲೂ ಒಂದು ಕಡೆ ಒಂದು ಅಡಿ ಅಗಲಕ್ಕೆ, ಬದುವಿಗಿಂತ ಅರ್ಧ ಗೇಣು ತಗ್ಗಿಸಿ, ಚಪ್ಪಟೆ ಕಲ್ಲು ಹಾಸಿ. ಮೇಲಿನ ಬದುವಿಗೆ ಎಡಗಡೆ ಕೋಡಿ ಇಟ್ಟರೆ ಕೆಳಗಿನದಕ್ಕೆ ಬಲಗಡೆ ಇಡಿ. ನೀರು ಹಿತ್ತಲನ್ನೆಲ್ಲ ಅಡ್ಡಾಡಿ ಇಳಿಯುತ್ತದೆ, ನೇರವಾಗಿ ಧುಮುಕುವುದಿಲ್ಲ. ಕೋಡಿಯ ನೀರು ಬೀಳುವ ಜಾಗಕ್ಕೂ ನಾಲ್ಕು ಕಲ್ಲು ಬೇಕು.

ಮಣ್ಣಿನ ಜಾತಿ ನೋಡಿ ಮಾಡಬೇಕು

ಮೇಲೆ ಹೇಳಿದ್ದು ಕೆಂಪು ಮಸಾರಿ ನೆಲಕ್ಕೆ. ಮಸಾರಿ ನೀರನ್ನು ಬೇಗ ಇಂಗಿಸುತ್ತದೆ. ಎರೆ ನೆಲದ ಹಿತ್ತಲಿನವರು ಹಾಗೇ ಮಾಡಬಾರದು. ಎರೆ ಮಣ್ಣು ನೆನೆದ ಮೇಲೆ ನೀರನ್ನು ಒಳಗೆ ಬಿಡುವುದಿಲ್ಲ. ಮಟ್ಟದ ಕಾಲುವೆಯಲ್ಲಿ ನೀರು ವಾರಗಟ್ಟಲೆ ನಿಂತು ಪಪ್ಪಾಯಿ, ದಾಳಿಂಬೆ ಬೇರು ಕೊಳೆಯುತ್ತವೆ. ಅಂಥ ಕಡೆ ಕಾಲುವೆಗೆ 40 ಅಡಿಗೆ ಎರಡು ಮೂರು ಅಂಗುಲ ಇಳುಕಲು ಕೊಟ್ಟು, ನೀರು ನಿಧಾನಕ್ಕೆ ನಡೆದು ಒಂದು ಗುಂಡಿಗೆ ಸೇರುವಂತೆ ಮಾಡಬೇಕು. ಗಿಡಗಳನ್ನು ದಿಬ್ಬದ ಮೇಲೆ ನೆಡಬೇಕು.

ಯಾವ ಮಣ್ಣೇ ಇರಲಿ, ನಿಂತ ನೀರು ಎರಡು ಮೂರು ದಿನದೊಳಗೆ ಇಂಗಿಹೋಗಬೇಕು. ಸೊಳ್ಳೆ ಮೊಟ್ಟೆಯಿಂದ ಸೊಳ್ಳೆಯಾಗಲು ಹೆಚ್ಚು ಕಡಿಮೆ ಒಂದು ವಾರ ಸಾಕು. ಡೆಂಗಿ, ಚಿಕೂನ್‌ಗುನ್ಯಾ ಯಾವ ಪಾಡು ಪಡಿಸುತ್ತವೆ ಎಂದು ಈಗ ಹಳ್ಳಿಯವರಿಗೂ ಗೊತ್ತಿದೆ.

ಗೋಡೆ ಮತ್ತು ಮಗ್ಗ

ಹಿತ್ತಲು ಎತ್ತರದಲ್ಲಿದ್ದು ಮನೆ ತಗ್ಗಿನಲ್ಲಿದ್ದರೆ ಇನ್ನೂ ಹುಷಾರಾಗಿರಬೇಕು. ಮೊಳಕಾಲ್ಮೂರು ಕಡೆ ಗುಡ್ಡದ ಬುಡದ ಊರುಗಳಲ್ಲಿ ಇಂಥ ಮನೆಗಳು ಬಹಳ. ಕಲ್ಲು ಮಣ್ಣಿನ ಗೋಡೆ ಬುಡದಲ್ಲಿ ನೆನೆದರೆ ಮೇಲೆ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ಗೋಡೆ ಬೀಳುವುದು ಎಷ್ಟೋ ಸಲ ಮಳೆ ಬರುವಾಗಲ್ಲ, ಮಳೆ ನಿಂತ ಮೇಲೆ, ರಾತ್ರಿ ಎಲ್ಲರೂ ಮಲಗಿದ ಹೊತ್ತಿಗೆ. ಇಲ್ಲಿ ಬೆಳೆಯ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ರೇಷ್ಮೆ ಸೀರೆ ನೇಯುವವರ ಮನೆಯಲ್ಲಿ ಇನ್ನೊಂದು ಸಂಕಟ. ಕುಣಿಮಗ್ಗದಲ್ಲಿ ನೇಕಾರ ಕಾಲಿಡುವುದು ನೆಲದೊಳಗಿನ ಕುಣಿಗೆ. ಹಿತ್ತಲಿನಲ್ಲಿ ನಿಂತ ನೀರು ಬಸಿದು ಕುಣಿಗೆ ಬಂದರೆ ತೇವಕ್ಕೆ ಹಾಸಿನ ಎಳೆ ಕೆಡುತ್ತದೆ, ಮಗ್ಗದ ಮರ ಉಬ್ಬುತ್ತದೆ, ಕೆಲಸ ನಿಲ್ಲುತ್ತದೆ. ಮಗ್ಗ ನಿಂತ ದಿನ ಆ ಮನೆಗೆ ಕೂಲಿಯಿಲ್ಲ. ಹಿತ್ತಲಿನ ನೀರು ನೇರವಾಗಿ ಅನ್ನದ ತಟ್ಟೆಗೇ ಬಂದ ಹಾಗೆ.

ಆದ್ದರಿಂದ ಮನೆಯ ಹಿಂಗೋಡೆಯಿಂದ ಹತ್ತು ಅಡಿಯೊಳಗೆ ನೀರು ಇಂಗಿಸುವ ಕಾಲುವೆ, ಗುಂಡಿ ಯಾವುದೂ ಬೇಡ. ಆ ಹತ್ತು ಅಡಿಯಲ್ಲಿ ನೀರನ್ನು ಹೊರಗೆ ಕಳಿಸುವುದೊಂದೇ ಕೆಲಸ. ಗೋಡೆಯ ಬುಡಕ್ಕೆ ಮಣ್ಣು ಏರಿಸಿ ತುಳಿದು, ಆರು ಅಡಿಗೆ ನಾಲ್ಕೈದು ಅಂಗುಲ ಹೊರಗಡೆಗೆ ಇಳುಕಲು ಮಾಡಿ. ಅದರಾಚೆ ಒಂದು ಕಲ್ಲು ಹಾಸಿದ ಮೋರಿ ಇಟ್ಟು, ಮೇಲಿನಿಂದ ಬಂದ ನೀರನ್ನು ಮನೆಯ ಪಕ್ಕದಿಂದ ಸುತ್ತಿಸಿ ಮುಂದಕ್ಕೆ ಬಿಡಿ.

ಮಾಳಿಗೆಯ ದೋಣಿಯಿಂದ ಬೀಳುವ ನೀರು ಗೋಡೆಯ ಪಕ್ಕದಲ್ಲೇ ಗುಂಡಿ ಕೊರೆಯುತ್ತದೆ. ಅದಕ್ಕೆ ಪೈಪು ಸಿಕ್ಕಿಸಿ ಡ್ರಮ್ಮಿಗೋ ತೊಟ್ಟಿಗೋ ಬಿಡಿ. ಆರ್‌ಸಿಸಿ ಅಥವಾ ಶೀಟಿನ ಮನೆಯಾದರೆ, ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಬಟ್ಟೆಯಲ್ಲಿ ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ಶೇಖರಿಸಿ, ಕಾಯಿಸಿ ಕುಡಿಯಬಹುದು. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಹಲ್ಲು, ಮೂಳೆ ಕೆಡಿಸಿಕೊಂಡ ನಮ್ಮ ಜಿಲ್ಲೆಗೆ ಇದು ಸಣ್ಣ ಲಾಭವಲ್ಲ. ಮಳೆನೀರಿನಲ್ಲಿ ಆ ಕಾಟ ಇಲ್ಲ. ಮಣ್ಣಿನ ಮಾಳಿಗೆಯ ನೀರು ಮಾತ್ರ ಕುಡಿಯಲು ಬೇಡ, ಗಿಡಕ್ಕೆ ಸಾಕು. ಬಚ್ಚಲ ನೀರಿನ ದಾರಿ ಬೇರೆ ಇರಲಿ. ಅದು ಬಾಳೆಯ ಬುಡಕ್ಕೆ ಹೋಗಲಿ. ಓಡುವ ಮಳೆನೀರು ಪಾಯಿಖಾನೆಯ ಗುಂಡಿಗೆ ನುಗ್ಗದಂತೆ ಅದರ ಸುತ್ತ ಮಣ್ಣು ಏರಿಸಿ.

ಮೇಲ್ಮನೆ, ಕೆಳಮನೆ

ಇನ್ನು ಮುಖ್ಯವಾದ ಮಾತಿಗೆ ಬರುತ್ತೇವೆ. ಇಳಿಜಾರಿನ ಓಣಿಯಲ್ಲಿ ನೀರು ಯಾರ ಎಲ್ಲೆಕಲ್ಲನ್ನೂ ಕೇಳುವುದಿಲ್ಲ. ಮೇಲ್ಮನೆಯವರು ತಮ್ಮ ಹಿತ್ತಲು ಒಣಗಿರಲಿ ಎಂದು ನೀರನ್ನೆಲ್ಲ ಒಂದು ಮೂಲೆಗೆ ಕೂಡಿಸಿ ಗೋಡೆಯ ತೂತಿನಿಂದ ಹೊರಗೆ ಬಿಡುತ್ತಾರೆ. ಅಲ್ಲಿಗೆ ಅವರ ಕಷ್ಟ ತೀರಿತು. ಆ ತೂತಿನ ಕೆಳಗೆ ಇನ್ನೊಬ್ಬರ ದನದ ಕೊಟ್ಟಿಗೆ ಇರುತ್ತದೆ. ‘ಯಣ್ಣಾ, ನಿಮ್ಮ ಹಿತ್ತಲ ನೀರೆಲ್ಲ ನಮ್ಮ ಗೋಡಿಗೇ ಬತ್ತೈತಲ್ಲ’ ಎಂದು ಅವರು ಕೇಳುತ್ತಾರೆ. ‘ನೀರು ತಗ್ಗಿಗೆ ಹೋಗದೆ ಮ್ಯಾಲಕ್ಕೆ ಹೋಗ್ತೈತೇನಪ್ಪ?’ ಎಂದು ಇವರು ಹೇಳುತ್ತಾರೆ. ಅಲ್ಲಿಗೆ ಮಾತು ನಿಲ್ಲುತ್ತದೆ, ಮದುವೆ ಮುಂಜಿಗೆ ಕರೆಯುವುದು ನಿಲ್ಲುತ್ತದೆ, ಪಂಚಾಯ್ತಿ ಕಟ್ಟೆ ಹತ್ತುವುದು ಶುರುವಾಗುತ್ತದೆ. ಇಂಥ ಜಗಳ ಇಲ್ಲದ ಊರು ಯಾವುದಾದರೂ ಇದ್ದರೆ ತಾವೇ ಹೇಳಬೇಕು.

ಇಬ್ಬರ ಮಾತಿನಲ್ಲೂ ನಿಜ ಇದೆ. ನೀರು ತಗ್ಗಿಗೇ ಹೋಗುತ್ತದೆ. ಆದರೆ ಹರಡಿಕೊಂಡು ನಿಧಾನವಾಗಿ ಹೋಗುವ ನೀರು ಬೇರೆ, ಕೂಡಿಸಿ ಒಂದೇ ತೂತಿನಿಂದ ಬಿಟ್ಟ ನೀರು ಬೇರೆ. ಮೇಲ್ಮನೆಯವರು ತಮ್ಮಲ್ಲಿ ಬಿದ್ದ ನೀರನ್ನು ಮೂರು ಕಾಲುವೆಯಲ್ಲಿ ಹಿಡಿದರೆ ಕೆಳಮನೆಗೆ ಬರುವುದು ಕೋಡಿಯ ನೀರು ಮಾತ್ರ. ಕೆಳಮನೆಯವರು ಆ ಕೋಡಿಗೆ ದಾರಿ ಬಿಟ್ಟುಕೊಟ್ಟರೆ ಅದು ಮುಂದೆ ಹೋಗುತ್ತದೆ. ದಾರಿಗೆ ಅಡ್ಡ ಗೋಡೆ ಹಾಕಿದರೆ ನೀರು ತಾನೇ ದಾರಿ ಮಾಡಿಕೊಳ್ಳುತ್ತದೆ, ಆಗ ಯಾರ ಮನೆಯ ಮೂಲಕ ಎಂದು ಹೇಳಲಾಗುವುದಿಲ್ಲ. ದುರ್ಗದ ಹೊಂಡಗಳ ನೀತಿಯೇ ಇದು. ಮೇಲಿನದು ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನು ಕೆಳಗಿನದಕ್ಕೆ ಮರ್ಯಾದೆಯಿಂದ ಕೊಡಬೇಕು.

ಇಲ್ಲಿ ಸಂಘದ ಪಾತ್ರ ಇದೆ ಎಂದು ನಮ್ಮ ಅಭಿಪ್ರಾಯ. ಮೂರು ಸಲಹೆಗಳನ್ನು ವಿನಯದಿಂದ ಮುಂದಿಡುತ್ತೇವೆ. ಒಂದು, ಸಂಘವು ಎರಡು ಲೆವೆಲ್ ಪೈಪು, ನಾಲ್ಕು ಹಾರೆ, ಗುದ್ದಲಿ, ಬಾಂಡ್ಲಿಗಳನ್ನು ಇಟ್ಟುಕೊಂಡು ಸದಸ್ಯರಿಗೆ ಸರದಿಯ ಮೇಲೆ ಕೊಡಲಿ. ಎರಡು, ಕೆಲಸ ಮನೆಮನೆಗೆ ಬಿಡಿಬಿಡಿಯಾಗಿ ಬೇಡ, ಓಣಿಗೆ ಒಂದಾಗಿ ನಡೆಯಲಿ. ಗುಡ್ಡದ ಕಡೆಯ ಮೇಲಿನ ಮನೆಯಿಂದ ಶುರುವಾಗಿ ಕೆಳಗೆ ಬರಲಿ. ಇವತ್ತು ನಿಮ್ಮ ಹಿತ್ತಲಿಗೆ ನಾವು, ನಾಳೆ ನಮ್ಮ ಹಿತ್ತಲಿಗೆ ನೀವು ಎನ್ನುವ ಮುಯ್ಯಾಳು ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಮೂರು, ಓಣಿಯ ಕಟ್ಟಕಡೆಯ ಕೋಡಿಯ ನೀರು ರಸ್ತೆಗೆ ಬಿದ್ದು ಕೆಸರಾಗುವ ಬದಲು ಊರ ಗೋಕಟ್ಟೆಗೋ ಕೆರೆಗೋ ಸೇರುವಂತೆ ಪಂಚಾಯ್ತಿಯವರ ಜೊತೆ ಕುಳಿತು ಮಾತಾಡಿ ಗೊತ್ತುಮಾಡಲಿ.

ಕೊನೆಯದಾಗಿ ಒಂದು ಮಾತು. ಇದು ಒಂದು ಸಲ ಮಾಡಿ ಬಿಡುವ ಕೆಲಸವಲ್ಲ. ಪ್ರತಿ ವರ್ಷ ಯುಗಾದಿ ಕಳೆದ ಮೇಲೆ, ಭರಣಿ ಮಳೆಗೆ ಮುಂಚೆ, ಕಾಲುವೆಯಲ್ಲಿ ಕೂತ ಮಣ್ಣನ್ನು ಎತ್ತಿ ಪಾತಿಗೆ ಹಾಕಬೇಕು. ಅದು ನಮ್ಮದೇ ಮೇಲ್ಮಣ್ಣು, ಹಳ್ಳಕ್ಕೆ ಹೋಗದೆ ಉಳಿದದ್ದು. ಒಡೆದ ಬದು ಕಟ್ಟಬೇಕು, ಕೋಡಿಯ ಕಲ್ಲು ಸರಿಪಡಿಸಬೇಕು. ಸಾಲದ ಕಂತು ಕಾಲಕ್ಕೆ ಸರಿಯಾಗಿ ಕಟ್ಟಿದರೆ ಸಂಘ ಉಳಿಯುತ್ತದೆ. ಹಿತ್ತಲಿಗೂ ಅದೇ ನಿಯಮ.

ಇಪ್ಪತ್ತೈದು ವರ್ಷ ಹಣವನ್ನು ಕೂಡಿಟ್ಟು, ಇದ್ದವರಿಂದ ಪಡೆದು, ಬೇಕಾದವರಿಗೆ ಕೊಟ್ಟು ನಡೆಸಿಕೊಂಡು ಬಂದ ಸಂಘ ಇದು. ನೀರಿನಲ್ಲೂ ಅದೇ ವ್ಯವಹಾರ ಸಾಧ್ಯ ಎಂದು ನಂಬಿದ್ದೇವೆ. ಈ ಮುಂಗಾರಿಗೆ ಮೊದಲು ಒಂದೇ ಒಂದು ಓಣಿಯಲ್ಲಿ ಮಾಡಿ ನೋಡೋಣ. ಶಿವರಾತ್ರಿ ಹೊತ್ತಿಗೆ ಆ ಓಣಿಯ ಹಿತ್ತಲಲ್ಲಿ ನುಗ್ಗೆ, ಕರಿಬೇವು ಹಸಿರಾಗಿದ್ದರೆ ಉಳಿದ ಓಣಿಯವರಿಗೆ ಭಾಷಣ ಬೇಕಾಗುವುದಿಲ್ಲ.